ಜಿಮ್‌ಖಾನಾ: ರೂರ್ಕಿಯಿಂದ ಶುಕ್ರವಾರದ ಪಾರ್ಕಿಂಗ್ ಮೈದಾನದವರೆಗೆ

ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆ ಕಾಲೇಜು ಓದಿದವರಿಗೆ ಅಡ್ಮಿಷನ್ ರಸೀದಿಯಲ್ಲಿ ‘ಜಿಮ್‌ಖಾನಾ ಫೀ’ ಎಂಬ ಸಾಲು ನೆನಪಿರಬಹುದು. ಕಟ್ಟಿದ್ದು ನೆನಪಿರುತ್ತದೆ, ಆಡಿದ್ದು ನೆನಪಿರುವುದಿಲ್ಲ. ವಾಲಿಬಾಲ್ ನೆಟ್ಟು, ಕ್ಯಾರಂ ಬೋರ್ಡು, ವರ್ಷಕ್ಕೊಂದು ಕ್ರೀಡಾಕೂಟ, ನಮ್ಮ ಪಾಲಿಗೆ ಜಿಮ್‌ಖಾನಾ ಎಂದರೆ ಅಷ್ಟೇ. ಹಾಗಾಗಿ 2016ರಲ್ಲಿ ನಮ್ಮ ಫ್ಲ್ಯಾಟಿನ ಹುಡುಗರು ಮೊಬೈಲಿಗೆ ತಲೆ ಸೇರಿಸಿಕೊಂಡು ‘ಜಿಮ್‌ಖಾನಾ ಎಂಟು’ ಬಂತು ಎಂದು ಕೂಗಾಡಿದಾಗ ನಮಗೆ ತಲೆಬುಡ ತಿಳಿಯಲಿಲ್ಲ. ನೋಡಿದರೆ ಕೆನ್ ಬ್ಲಾಕ್ ಎಂಬ ಅಮೆರಿಕದ ರ‍್ಯಾಲಿ ಚಾಲಕ ಒಂದು ಫೋರ್ಡ್ ಫಿಯೆಸ್ಟಾವನ್ನು ದುಬೈನಲ್ಲಿ, ನಾವು ಬಸ್ಸಿನಲ್ಲಿ ಹಾದುಹೋಗುವ ಅದೇ ದುಬೈನಲ್ಲಿ, ಹೊಗೆ ಎಬ್ಬಿಸುತ್ತಾ ಬುಗುರಿಯ ಹಾಗೆ ತಿರುಗಿಸುತ್ತಿದ್ದ. ನಮ್ಮ ಕಾಲೇಜಿನ ಫೀ ಪದ ಇಲ್ಲಿಗೆ ಹೇಗೆ ಬಂತು ಎಂಬ ಪ್ರಶ್ನೆ ಅಂದೇ ಹುಟ್ಟಿತು. ಉತ್ತರ ಹುಡುಕಲು ಕೂತದ್ದು ಎರಡು ವರ್ಷದ ನಂತರ, ಅದೂ ಸಂತೋಷದ ಕಾರಣಕ್ಕಲ್ಲ.

2018ರ ಚಳಿಗಾಲದಲ್ಲಿ ಆ ಹುಡುಗರಲ್ಲೊಬ್ಬ, ಕುಂದಾಪುರ ಕಡೆಯವನು, ಡೆಲಿವರಿ ವ್ಯಾನ್ ಓಡಿಸುವ ಕೆಲಸ, ರಾತ್ರಿ ಹನ್ನೆರಡರ ಮೇಲೆ ಇಂಡಸ್ಟ್ರಿಯಲ್ ಏರಿಯಾದ ಖಾಲಿ ರಸ್ತೆಗೆ ತನ್ನ ಹಳೆಯ ನಿಸ್ಸಾನ್ ಸನ್ನಿ ತೆಗೆದುಕೊಂಡು ಹೋದ. ವೇಗದಲ್ಲಿರುವಾಗ ಹ್ಯಾಂಡ್‌ಬ್ರೇಕ್ ಎಳೆದ. ರಸ್ತೆಯ ಮೇಲೆ ಗಾಳಿ ತಂದು ಹಾಸಿದ ಮರಳಿತ್ತು. ಕಾರು ಅಡ್ಡಡ್ಡ ಜಾರಿ ದೀಪದ ಕಂಬಕ್ಕೆ ಬಡಿಯಿತು, ತೊಡೆಯ ಮೂಳೆ ಮುರಿಯಿತು. ಅದೇ ರಸ್ತೆಯ ಅಂಚಿನಲ್ಲಿ ಪಾಳಿ ಮುಗಿಸಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಬಂಗಾಳಿ ಕಾರ್ಮಿಕನೊಬ್ಬ ಕಂಬಕ್ಕಿಂತ ಹತ್ತು ಹೆಜ್ಜೆ ಹಿಂದಿದ್ದ. ಆ ಹತ್ತು ಹೆಜ್ಜೆಯ ಲೆಕ್ಕ ಇವತ್ತಿಗೂ ನಮ್ಮ ಮನಸ್ಸಿನಿಂದ ಹೋಗಿಲ್ಲ.

ನಾವು ಆಸ್ಪತ್ರೆಯ ಫಾರ್ಮಸಿಯಲ್ಲಿರುವವರು. ನಮ್ಮ ಕಿಟಕಿಗೆ ಎಲ್ಲವೂ ಚೀಟಿಯಾಗಿ ಬರುತ್ತದೆ. ನೋವಿನ ಮಾತ್ರೆ, ಆಂಟಿಬಯಾಟಿಕ್, ಮಲಗಿದಲ್ಲೇ ಇರುವವನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್. ಈ ಸಲ ಚೀಟಿಯ ಮೇಲೆ ನಮ್ಮದೇ ಫ್ಲ್ಯಾಟಿನ ಹೆಸರಿತ್ತು. ಪೊಲೀಸರ ಕಡೆಯಿಂದ 2,000 ದಿರ್ಹಂ ದಂಡ, 23 ಕಪ್ಪು ಅಂಕ, 60 ದಿನ ವಾಹನ ಜಪ್ತಿ. 24 ಅಂಕವಾದರೆ ಲೈಸೆನ್ಸೇ ಅಮಾನತು ಎಂಬುದು ಇಲ್ಲಿನ ಡ್ರೈವರುಗಳಿಗೆಲ್ಲ ಬಾಯಿಪಾಠ. ಕಂಪನಿ ಅವನನ್ನು ವ್ಯಾನಿನಿಂದ ಇಳಿಸಿ ಗೋದಾಮಿಗೆ ಹಾಕಿತು. ಊರಿಗೆ ಹೋಗುವ ಹಣ ಅರ್ಧವಾಯಿತು. “ಜಿಮ್‌ಖಾನಾ ಮಾಡಿ ನೋಡಿದ್ದಣ್ಣ, ಮತ್ತೆಂತ ಇಲ್ಲ” ಎಂದ ಹಾಸಿಗೆಯಲ್ಲಿ. ಬೈಯಲು ಹೋದ ನಮಗೆ ಬೈಗುಳವೇ ಬರಲಿಲ್ಲ.

ಪದದಿಂದಲೇ ಶುರು ಮಾಡೋಣ. ‘ಖಾನೆ’ ನಮಗೆ ಹೊಸದಲ್ಲ. ಕಾರ್ಖಾನೆ, ಬಂದೀಖಾನೆ, ನಮ್ಮ ಕಸುಬಿಗೆ ಹತ್ತಿರದ ದವಾಖಾನೆ. ‘ಗೇಂದ್’ ಎಂದರೆ ಹಿಂದಿ-ಉರ್ದುವಿನಲ್ಲಿ ಚೆಂಡು. ಚೆಂಡಾಟದ ಮನೆ ಗೇಂದ್‌ಖಾನಾ. ಬ್ರಿಟಿಷರ ಬಾಯಲ್ಲಿ ಅದು ಜಿಮ್ನಾಸ್ಟಿಕ್ಸ್ ಪದದೊಡನೆ ಬೆರೆತು ಜಿಮ್‌ಖಾನಾ ಆಗಿರಬೇಕೆಂಬುದು ಪ್ರಬಲ ಊಹೆ. ಭಾರತದಲ್ಲಿ ಬಳಕೆಯಾದ ಇಂಗ್ಲಿಷ್ ಪದಗಳನ್ನು ಸಂಗ್ರಹಿಸಿ ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ನಿಘಂಟು ಈ ಪದದ ಮೊದಲ ಗುರುತನ್ನು 1861ರ ರೂರ್ಕಿಯಲ್ಲಿ ಕಾಣುತ್ತದೆ. ಅಲ್ಲಿಂದ ಅದು ದಂಡುಪ್ರದೇಶಗಳಲ್ಲೆಲ್ಲ ಹರಡಿತು. ಬಾಂಬೆ ಜಿಮ್‌ಖಾನಾ ಶುರುವಾದದ್ದು 1875ರಲ್ಲಿ.

ದಂಡಿನವರ ಜಿಮ್‌ಖಾನಾಗಳಲ್ಲಿ ಕುದುರೆಯಾಟ ಮುಖ್ಯ. ಅದರಲ್ಲಿ ಸಾಲಾಗಿ ನೆಟ್ಟ ಕೋಲುಗಳ ನಡುವೆ ಎಡ-ಬಲ ನುಸುಳಿಕೊಂಡು ಹೋಗಿ ತಿರುಗಿ ಬರುವ ಪಂದ್ಯವೊಂದಿತ್ತು. ಇಲ್ಲಿ ಕುದುರೆಯ ಓಟಕ್ಕಿಂತ ಸವಾರನ ಹತೋಟಿ ದೊಡ್ಡದು. ಕೋಲು ಬಿದ್ದರೆ ಸೋಲು. ಈ ಆಟಗಳನ್ನು ಬ್ರಿಟಿಷರು ತಮ್ಮ ದೇಶಕ್ಕೂ ಒಯ್ದರು. 20ನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಸಿರಿವಂತರು ಕುದುರೆ ಬಿಟ್ಟು ಮೋಟಾರು ಕೊಂಡಾಗ ಆಟ ಹಾಗೆಯೇ ಉಳಿಯಿತು, ವಾಹನ ಬದಲಾಯಿತು. ಮೋಟಾರು ಜಿಮ್‌ಖಾನಾ ಹುಟ್ಟಿದ್ದು ಹೀಗೆ. ಜಪಾನಿನಲ್ಲಿ ಇಂದಿಗೂ ಈ ಕ್ರೀಡೆಯ ಅಧಿಕೃತ ಹೆಸರು ‘ಜಿಮುಕಾನಾ’, ಅಲ್ಲಿ ಅದಕ್ಕೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇದೆ. ಅಮೆರಿಕದಲ್ಲಿ ಹೆಚ್ಚು ಬಳಕೆಯಾದ ಹೆಸರು ಆಟೊಕ್ರಾಸ್. ಬ್ರಿಟನ್ನಿನಲ್ಲಿ ಆಟೊಕ್ರಾಸ್ ಎಂದರೆ ಬೇರೆ, ಹುಲ್ಲುಗಾವಲಿನಲ್ಲಿ, ಕೆಸರಿನಲ್ಲಿ ಕಾರು ಓಡಿಸುವುದು. ನಮ್ಮ ದೇಶದವರು ಬ್ರಿಟಿಷರ ಅರ್ಥವನ್ನೇ ಹಿಡಿದುಕೊಂಡಿದ್ದಾರೆ. ಕೊಡಗು, ಚಿಕ್ಕಮಗಳೂರು ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ಧೂಳೆಬ್ಬಿಸುವ ಆಟೊಕ್ರಾಸ್ ಅದೇ ವಂಶದ್ದು.

ಅಮೆರಿಕದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಎರಡನೆಯ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನಲ್ಲಿದ್ದ ಅಮೆರಿಕದ ಸೈನಿಕರು ಎಂ.ಜಿ. ಎಂಬ ಪುಟ್ಟ ಬ್ರಿಟಿಷ್ ಕಾರಿನ ರುಚಿ ಹತ್ತಿಸಿಕೊಂಡು ಮರಳಿದ್ದರು. 1944ರಲ್ಲಿ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಹುಟ್ಟಿತ್ತು. ಕಾರಿತ್ತು, ಹುಮ್ಮಸ್ಸಿತ್ತು, ಓಡಿಸಲು ಜಾಗವಿರಲಿಲ್ಲ. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಎಂಬ ಊರಿನ ಬೀದಿಗಳನ್ನೂ ಸುತ್ತಲಿನ ರಸ್ತೆಗಳನ್ನೂ ಸೇರಿಸಿ 10 ಕಿ.ಮೀ.ಗೂ ಮಿಕ್ಕ ಸುತ್ತಿನಲ್ಲಿ ರೇಸ್ ನಡೆಸಿದರು. ಜನ ಅಂಗಡಿಗಳ ಮುಂದೆ, ಫುಟ್‌ಪಾತಿನ ಮೇಲೆ ನಿಂತು ನೋಡುತ್ತಿದ್ದರು. ನಮ್ಮ ತೇರಿನ ಬೀದಿಯ ಹಾಗೆ ಎಂದುಕೊಳ್ಳಿ, ತೇರಿನ ಬದಲು ನೂರು ಮೈಲಿ ವೇಗದ ಕಾರು. 1952ರಲ್ಲಿ ಕಾರೊಂದು ಜನರಿಗೆ ತಾಗಿ ಹಲವರು ಗಾಯಗೊಂಡರು, ಏಳು ವರ್ಷದ ಬಾಲಕನೊಬ್ಬ ಸತ್ತ. ಇದನ್ನು ಓದುವಾಗ ನಮಗೆ ಸೈಕಲ್ ತಳ್ಳುತ್ತಿದ್ದ ಆ ಬಂಗಾಳಿಯೇ ಕಣ್ಣ ಮುಂದೆ ಬಂದ. ಆ ಹುಡುಗನಿಗೆ ಹತ್ತು ಹೆಜ್ಜೆಯ ಅದೃಷ್ಟವಿರಲಿಲ್ಲ.

ಅಲ್ಲಿಗೆ ಊರ ಬೀದಿಯ ರೇಸಿಗೆ ಬಾಗಿಲು ಮುಚ್ಚುತ್ತಾ ಬಂತು. ಆಗ ಕೈ ಹಿಡಿದವರು ಅಮೆರಿಕದ ವಾಯುಪಡೆಯ ಜನರಲ್ ಕರ್ಟಿಸ್ ಲೆಮೇ. ಸ್ವತಃ ಕಾರಿನ ಹುಚ್ಚಿದ್ದ ಮನುಷ್ಯ. ತಮ್ಮ ಅಧೀನದ ಬಾಂಬರ್ ನೆಲೆಗಳ ರನ್‌ವೇಗಳನ್ನು ಭಾನುವಾರದ ರೇಸಿಗೆ ಬಿಟ್ಟುಕೊಟ್ಟರು. ಅಂಥ ಮೊದಲ ರೇಸ್ ಅದೇ 1952ರ ಅಕ್ಟೋಬರಿನಲ್ಲಿ ಜಾರ್ಜಿಯಾದ ಟರ್ನರ್ ನೆಲೆಯಲ್ಲಿ ನಡೆಯಿತು. ಟಿಕೆಟಿನಿಂದ ಬಂದ ಹಣವನ್ನು ನೆಲೆಯ ಕೆಳದರ್ಜೆಯ ಸಿಬ್ಬಂದಿಯ ವಸತಿ ಸುಧಾರಣೆಗೆ ಬಳಸಿದರಂತೆ. (ಕ್ಯಾಂಪುಗಳಲ್ಲಿ ಬಂಕ್ ಮಂಚದ ಮೇಲೆ ವರ್ಷ ಕಳೆದ ನಮ್ಮವರಿಗೆ ಈ ಮಾತು ಇಷ್ಟವಾಗುತ್ತದೆಂದು ಬರೆದಿದ್ದೇವೆ.) ಸೇನೆಯ ನೆಲದಲ್ಲಿ ಖಾಸಗಿ ಆಟ ಏಕೆಂದು ಸಂಸತ್ತಿನಲ್ಲಿ ಆಕ್ಷೇಪ ಬಂದು 1954ರಲ್ಲಿ ಇದು ನಿಂತಿತು. ಆದರೆ ಪಾಠ ಉಳಿಯಿತು: ಬಯಲು, ಗಟ್ಟಿ ನೆಲ, ಸುತ್ತ ಕಂಬವಿಲ್ಲ, ಮರವಿಲ್ಲ, ದಾರಿಹೋಕರಿಲ್ಲ.

ನಮ್ಮ ದೇಶದಲ್ಲೂ ಇದೇ ನಡೆದದ್ದು ಸೋಜಿಗ. ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನಪಟ್ಟಿಯೊಂದು ಪಾಳುಬಿದ್ದಿತ್ತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅದನ್ನೇ ರೇಸಿನ ಅಂಗಳ ಮಾಡಿಕೊಂಡಿತು. ಬೆಂಗಳೂರಿನ ಕಾರು, ಬೈಕು ಪ್ರೇಮಿಗಳಿಗೂ ಶೋಲಾವರಂ ಒಂದು ಯಾತ್ರಾಸ್ಥಳ. 1990ರಲ್ಲಿ ಇರುಂಗಾಟ್ಟುಕೋಟೈನಲ್ಲಿ ಸರಿಯಾದ ಟ್ರ್ಯಾಕ್ ಬರುವ ತನಕ ದಕ್ಷಿಣದ ಸ್ಪರ್ಧಿಗಳಿಗೆ ಮುಖ್ಯ ಆಸರೆ ಆ ಹಳೆಯ ರನ್‌ವೇಯೇ.

ಆದರೆ ರನ್‌ವೇ ಎಲ್ಲರಿಗೂ ಸಿಗುವುದಿಲ್ಲ. ಅಮೆರಿಕದ ಸಣ್ಣ ಕ್ಲಬ್ಬುಗಳು ಇನ್ನೂ ಹತ್ತಿರದ ಜಾಗ ಕಂಡುಕೊಂಡವು, ಶಾಪಿಂಗ್ ಸೆಂಟರುಗಳ ಪಾರ್ಕಿಂಗ್ ಮೈದಾನ. ಆಗ ಅಲ್ಲಿ ಅನೇಕ ರಾಜ್ಯಗಳಲ್ಲಿ ಭಾನುವಾರ ಅಂಗಡಿ ತೆರೆಯುವಂತಿರಲಿಲ್ಲ. ಎಕರೆಗಟ್ಟಲೆ ಡಾಂಬರು ಬಿಕೋ ಎನ್ನುತ್ತಿತ್ತು. ನಮಗೆ ಶುಕ್ರವಾರದ ಬೆಳಗ್ಗೆ ಇಲ್ಲಿನ ಪಾರ್ಕಿಂಗ್ ಹೇಗಿರುತ್ತಿತ್ತೋ ಹಾಗೆ. ಆದರೆ ಪಾರ್ಕಿಂಗ್ ಮೈದಾನದಲ್ಲಿ ಹತ್ತು ಕಾರು ಒಟ್ಟಿಗೆ ಬಿಡಲಾಗುವುದಿಲ್ಲ. ಆದ್ದರಿಂದ ಒಮ್ಮೆಗೆ ಒಂದೇ ಕಾರು, ಎದುರಾಳಿ ಗಡಿಯಾರ ಮಾತ್ರ. ಆ ಕ್ಲಬ್ಬು ಇದಕ್ಕಿಟ್ಟ ಹೆಸರೂ ‘ಸೋಲೊ’. 1973ರಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತು. 2009ರಿಂದ ಅದು ನೆಬ್ರಾಸ್ಕಾದ ಲಿಂಕನ್ ಎಂಬಲ್ಲಿ ನಡೆಯುತ್ತಾ ಬಂದಿದೆ, ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆ. ಆ ಜಾಗವೂ ಒಂದು ಕಾಲದ ಬಾಂಬರ್ ನೆಲೆಯೇ.

ಈ ಆಟಕ್ಕೆ ಗೋಡೆ, ಗ್ಯಾಲರಿ, ಕಂಬಿಬೇಲಿ ಬೇಡ. ಬೇಕಾದದ್ದು ಕೋನ್. ರಸ್ತೆ ಕೆಲಸದಲ್ಲಿರುವ ನಮ್ಮವರು ದಿನವೂ ಎತ್ತಿಡುವ ಅದೇ ಕಿತ್ತಳೆ ಬಣ್ಣದ ಕೋನ್. ಅದರ ಹುಟ್ಟೂ ಕೆಲಸಗಾರನ ಕೈಯಿಂದಲೇ. ಲಾಸ್ ಏಂಜಲೀಸಿನಲ್ಲಿ ರಸ್ತೆಗೆ ಪಟ್ಟೆ ಬಳಿಯುವ ವಿಭಾಗದಲ್ಲಿದ್ದ ಚಾರ್ಲ್ಸ್ ಸ್ಕ್ಯಾನ್ಲನ್ ಎಂಬವರಿಗೆ ಹಸಿ ಬಣ್ಣ ಕಾಯಲು ಇಡುತ್ತಿದ್ದ ಮರದ ಅಡ್ಡಗಟ್ಟೆಗಳು ಸಾಕಾಗಿದ್ದವು. ಕಾರು ಬಡಿದರೆ ಅವು ಮುರಿಯುತ್ತಿದ್ದವು. ಬಡಿದರೂ ತಾನೇ ಎದ್ದು ನಿಲ್ಲುವಂಥ ರಬ್ಬರಿನ ಗುರುತನ್ನು ಅವರು ರೂಪಿಸಿದರು, 1943ರಲ್ಲಿ ಪೇಟೆಂಟ್ ಬಂತು. ತಪ್ಪು ಮಾಡಿದವನಿಗೂ ಪೆಟ್ಟಾಗಬಾರದು, ತಪ್ಪು ಮಾತ್ರ ಎಲ್ಲರಿಗೂ ಕಾಣಬೇಕು. ಆಟೊಕ್ರಾಸಿನವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವಂತಿರಲಿಲ್ಲ.

2020ರ ಜನವರಿಯ ಒಂದು ಶುಕ್ರವಾರ ನಾವು ನಾಲ್ವರು, ಕಾಲು ಕೂಡಿದ ಆ ಹುಡುಗನನ್ನೂ ಕರೆದುಕೊಂಡು ಇಂಥದೊಂದು ಆಟಕ್ಕೆ ಹೋದೆವು. ಅವನು ಬರಲು ಒಪ್ಪಿರಲಿಲ್ಲ. “ಪೊಲೀಸ್ ಬಂದ್ರೆ ಎಂತ ಮಾಡೂದಣ್ಣ?” ಎಂಬುದೇ ಪ್ರಶ್ನೆ. ಅನುಮತಿ ಪಡೆದೇ ನಡೆಸುತ್ತಿದ್ದಾರೆ, ಆಂಬುಲೆನ್ಸ್ ಕೂಡ ಇರುತ್ತದೆ ಎಂದು ಹೇಳಿ ಹೊರಡಿಸಿದೆವು.

ಬೆಳಗಿನ ಜಾವ ಐದಕ್ಕೆ ಮಂಜಿನಲ್ಲಿ ಒಬ್ಬ ಫಿಲಿಪಿನೊ ಅಳತೆಯ ಗಾಲಿ ತಳ್ಳುತ್ತಾ ಕೋನ್ ಇಡುತ್ತಿದ್ದ. ವಾರವೆಲ್ಲ ಕಟ್ಟಡದ ಸೈಟಿನಲ್ಲಿ ಸೇಫ್ಟಿ ಆಫೀಸರ್, ಅಂದು ಕೋರ್ಸ್ ಮಾಡುವವನು. ಜೇಬಿನಲ್ಲಿ ಮಡಚಿದ ನಕ್ಷೆ, ಕೈಯಲ್ಲಿ ಸುಣ್ಣದ ಕಡ್ಡಿ. ಅವನು ನಮಗೆ ಹೇಳಿದ್ದೇ ಈ ಇಡೀ ಲೇಖನದ ಜೀವಾಳ. ಮೊದಲು ಅವನು ಕಾರು ಎಲ್ಲಿ ಹೋಗಬೇಕೆಂದು ಯೋಚಿಸುವುದಿಲ್ಲ. ಹತೋಟಿ ತಪ್ಪಿದ ಕಾರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುತ್ತಾನೆ. ಪ್ರತಿ ತಿರುವಿನಲ್ಲೂ ನಿಂತು ಹೊರಗಿನ ಕಡೆ ನೋಡುತ್ತಾನೆ. ಅಲ್ಲಿ ದೀಪದ ಕಂಬವಿದ್ದರೆ, ಕಾಲುದಾರಿಯ ಕಟ್ಟೆಯಿದ್ದರೆ, ಆ ತಿರುವನ್ನೇ ಅಳಿಸುತ್ತಾನೆ. ಅಮೆರಿಕದ ಸೋಲೊ ನಿಯಮದಲ್ಲಿ ಗಟ್ಟಿ ವಸ್ತುವಿನಿಂದ ಕೋರ್ಸಿಗೆ ಸಾಮಾನ್ಯವಾಗಿ 25 ಅಡಿಯಾದರೂ ಅಂತರ ಬೇಕು. “ಅದು ಕನಿಷ್ಠ. ವೇಗ ಹೆಚ್ಚಿದ್ದಲ್ಲಿ ನಾನು ಅದರ ಮೂರರಷ್ಟು ಬಿಡುತ್ತೇನೆ” ಎಂದ.

ಎರಡು ಕೋನುಗಳ ನಡುವೆ ದಾಟುವ ಗೇಟು 15 ಅಡಿಗಿಂತ ಕಿರಿದಾಗಬಾರದು. ಸಾಲುಕೋನುಗಳ ನಡುವೆ ಹಾವಿನಂತೆ ನುಸುಳುವ ಸ್ಲಾಲಮ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ 45 ಅಡಿಯಾದರೂ ಇರಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ 45 ಅಡಿ ದಾಟಲು ಒಂದು ಸೆಕೆಂಡ್ ಕೂಡ ಬೇಡ, ಅಷ್ಟರೊಳಗೆ ಸ್ಟೀರಿಂಗ್ ಆ ಕಡೆಯಿಂದ ಈ ಕಡೆಗೆ ಬಂದಿರಬೇಕು. ಅಂತರ ಹತ್ತು ಅಡಿ ಹೆಚ್ಚಿಸಿದರೆ ವೇಗ ಏರುತ್ತದೆ, ತಗ್ಗಿಸಿದರೆ ಕಾರು ತೆವಳುತ್ತದೆ. ನಮ್ಮ ಕಿಟಕಿಯ ಭಾಷೆಯಲ್ಲಿ ಇದು ಡೋಸ್. ಔಷಧಿ ಅದೇ, ಮಿಲಿಗ್ರಾಂ ಬದಲಾದರೆ ಪರಿಣಾಮ ಬೇರೆ. ಉದ್ದನೆಯ ನೇರ ದಾರಿಯನ್ನು ಅವನು ಎಲ್ಲೂ ಬಿಡಲಿಲ್ಲ. ಹೆದ್ದಾರಿಯಲ್ಲಿ ಓಡುವುದಕ್ಕಿಂತ ಹೆಚ್ಚು ವೇಗ ಇಲ್ಲಿ ಯಾರಿಗೂ ಸಿಗಬಾರದು. ಕೊನೆಯ ಗೇಟಿನ ನಂತರ ನಿಲ್ಲಲು ಬೇಕಾದಷ್ಟು ಜಾಗ, ಅದೂ ಜನ ನಿಲ್ಲುವ ಕಡೆಗೆ ಮುಖ ಮಾಡಿರಬಾರದು. ಮೊದಲ ತಿರುವು ಸುಲಭದ್ದು, ಏಕೆಂದರೆ ಟಯರೂ ತಣ್ಣಗಿರುತ್ತದೆ, ಚಾಲಕನೂ ಗಾಬರಿಯಲ್ಲಿರುತ್ತಾನೆ.

ಇನ್ನೊಂದು ಕಷ್ಟವನ್ನು ನಾವು ಊಹಿಸಿಯೇ ಇರಲಿಲ್ಲ. ನಿಂತು ನೋಡುವವನಿಗೆ ದಾರಿ ಸ್ಪಷ್ಟ. ಕಾರಿನ ಸೀಟಿನಲ್ಲಿ ಕೂತವನಿಗೆ ಬರೀ ಕಿತ್ತಳೆ ಕೋನುಗಳ ಸಮುದ್ರ. ಎಲ್ಲಿ ಹೋಗಬೇಕೆಂಬುದೇ ತಿಳಿಯದೆ ಗೇಟು ತಪ್ಪಿದರೆ ಆ ಸುತ್ತು ಲೆಕ್ಕಕ್ಕಿಲ್ಲ. ಅದಕ್ಕೇ ದಾರಿ ತೋರಿಸಲು ಕೆಲವು ಕೋನುಗಳನ್ನು ಬಾಣದಂತೆ ಮಲಗಿಸುತ್ತಾರೆ. ಈತ ಪ್ರತಿ ತಿರುವಿನಲ್ಲೂ ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಚಾಲಕನ ಎತ್ತರಕ್ಕಿಳಿಸಿ ನೋಡುತ್ತಿದ್ದ, ಬೇಡದ ಕೋನ್ ತೆಗೆಯುತ್ತಿದ್ದ. ಇಡುವುದಕ್ಕಿಂತ ತೆಗೆದದ್ದೇ ಹೆಚ್ಚು ಎನಿಸಿತು. ಕೊನೆಗೆ ಪ್ರತಿ ನಿಂತ ಕೋನಿನ ಬುಡಕ್ಕೂ ಸುಣ್ಣದ ಚೌಕ. ಕೋನ್ ಉರುಳಿದರೆ ಅಥವಾ ಆ ಚೌಕದಿಂದ ಪೂರ್ತಿ ಹೊರಗೆ ಸರಿದರೆ ಎರಡು ಸೆಕೆಂಡ್ ದಂಡ. ಒಂದು ಮೂಲೆಯಾದರೂ ಚೌಕದೊಳಗಿದ್ದು ಕೋನ್ ನಿಂತಿದ್ದರೆ ಮಾಫಿ.

ಆಮೇಲೆ ಎಲ್ಲರೂ ಕೋರ್ಸನ್ನು ನಡೆದು ನೋಡಬೇಕು. ಒಂದಲ್ಲ, ಎರಡು ಮೂರು ಸಲ. ಲೆಬನಾನಿನ ಎಂಜಿನಿಯರು, ಇಂಗ್ಲಿಷ್ ಮೇಷ್ಟ್ರು, ಮಲಯಾಳಿ ಅಕೌಂಟೆಂಟು, ಎಲ್ಲ ತಮ್ಮಷ್ಟಕ್ಕೆ ಕೈ ತಿರುಗಿಸುತ್ತಾ ಗೊಣಗುತ್ತಾ ಪ್ರದಕ್ಷಿಣೆ ಹಾಕುವುದು ನೋಡಲು ತಮಾಷೆ. ನಮಗೆ ಹಿಡಿಸಿದ ಕಟ್ಟಳೆ ಇನ್ನೊಂದಿತ್ತು. ಅರ್ಧ ಜನ ಓಡಿಸುವಾಗ ಉಳಿದರ್ಧ ಜನ ಬಿಸಿಲಿನಲ್ಲಿ ನಿಂತು ಬಿದ್ದ ಕೋನ್ ಎತ್ತಿಡಬೇಕು. ಪೋರ್ಷೆಯವನಿಗೂ ವಿನಾಯಿತಿ ಇಲ್ಲ. ಲಕ್ಷಗಟ್ಟಲೆ ದಿರ್ಹಂ ಕಾರಿನ ಯಜಮಾನ ನಮ್ಮ ಹುಡುಗ ಕೆಡವಿದ ಕೋನ್ ಹಿಂದೆ ಓಡುವುದನ್ನು ಗಲ್ಫಿನಲ್ಲಿ ಬೇರೆಲ್ಲೂ ನೋಡಿಲ್ಲ.

ಈ ಪ್ರದೇಶದ ಹುಡುಗರಿಗೆ ಕಾರಿನ ಹುಚ್ಚು ಹೊಸದಲ್ಲ. ಸೌದಿಯ ಬೀದಿಗಳಲ್ಲಿ ‘ತಫ್ಹೀತ್’ ಎಂಬ ಅಡ್ಡಜಾರಿನ ಆಟ ದಶಕಗಳಿಂದ ನಡೆದು ಎಷ್ಟೋ ಜೀವ ತೆಗೆದಿದೆ. ಅದೇ ಹೊತ್ತಿಗೆ ಕಾನೂನಿನೊಳಗಿನ ದಾರಿಯೂ ಇಲ್ಲೇ ಬೆಳೆಯಿತು. ಬಹರೇನಿನ ಸರ್ಕಿಟ್ ಮತ್ತು ದುಬೈ ಆಟೊಡ್ರೋಮ್ 2004ರಲ್ಲಿ ತೆರೆದವು. ಎಮಿರೇಟ್ಸ್‌ನ ಮೊಹಮ್ಮದ್ ಬಿನ್ ಸುಲಾಯೆಮ್ ಮಧ್ಯಪ್ರಾಚ್ಯ ರ‍್ಯಾಲಿಯನ್ನು 14 ಬಾರಿ ಗೆದ್ದು, 2021ರಲ್ಲಿ ವಿಶ್ವ ಮೋಟಾರು ಕ್ರೀಡಾ ಸಂಸ್ಥೆಯ ಅಧ್ಯಕ್ಷರಾದರು. ನಮ್ಮ ಕಡೆಯವರೆಂದರೆ ಕಾಸರಗೋಡಿನ ಸಹಚಾಲಕ ಮೂಸಾ ಶರೀಫ್, ರ‍್ಯಾಲಿ ಬಲ್ಲವರಿಗೆ ಆ ಹೆಸರಿನ ಪರಿಚಯ ಬೇಡ. ಆದರೆ ಸರ್ಕಿಟ್ಟಿಗೂ ರ‍್ಯಾಲಿಗೂ ಬೇಕಾಗುವ ಹಣ ಸಂಬಳದವರ ಕೈಗೆಟುಕುವುದಲ್ಲ. ಆಟೊಕ್ರಾಸಿಗೆ ಮನೆ ಮುಂದೆ ನಿಂತ ಯಾರಿಸ್ ಸಾಕು, ಒಂದು ಹೆಲ್ಮೆಟ್ ಬೇಕು, ಅದನ್ನೂ ಅಂದು ಕಡ ಕೊಟ್ಟರು.

ಗೆಳೆಯನ ಯಾರಿಸ್‌ನಲ್ಲಿ ನಮ್ಮ ಹುಡುಗ ಮೊದಲ ಸುತ್ತು ಹೊರಟ. 58 ಸೆಕೆಂಡ್, ಏಳು ಕೋನ್. ಹದಿನಾಲ್ಕು ಸೆಕೆಂಡ್ ದಂಡ ಸೇರಿ 72. ಹ್ಯಾಂಡ್‌ಬ್ರೇಕ್ ಎಳೆದದ್ದು ನಮಗೆ ದೂರದಿಂದಲೇ ಕಂಡಿತು. ಫಿಲಿಪಿನೊ ಹತ್ತಿರ ಬಂದು ಒಂದೇ ಮಾತು ಹೇಳಿದ: ಬಿದ್ದ ಕೋನ್ ನೋಡಬೇಡ, ಮುಂದಿನ ಎರಡನೆಯ ಕೋನ್ ನೋಡು. ಎರಡನೆಯ ಸುತ್ತಿನಲ್ಲಿ ದಾರಿಯೇ ತಪ್ಪಿದ. ಮೂರನೆಯದರಲ್ಲಿ ಮೂರು ಕೋನ್. ಐದನೆಯ, ಕೊನೆಯ ಸುತ್ತು 53 ಸೆಕೆಂಡ್, ಕೋನ್ ಒಂದೂ ಬೀಳಲಿಲ್ಲ. ಇಡೀ ದಿನದಲ್ಲಿ ಅವನು ಓಡಿಸಿದ್ದು ಐದು ನಿಮಿಷಕ್ಕೂ ಕಡಿಮೆ. ಇಳಿದು ಬಂದಾಗ ಅಂಗಿ ಬೆನ್ನಿಗಂಟಿತ್ತು, ಕೈ ನಡುಗುತ್ತಿತ್ತು. “ರಾತ್ರಿ ರಸ್ತೆಯಲ್ಲಿ ಇಷ್ಟು ಹೆದರಿಕೆ ಆಗ್ಲಿಲ್ಲಣ್ಣ” ಎಂದ. ಅಲ್ಲಿ ಎಣಿಸುವವರು ಯಾರೂ ಇರಲಿಲ್ಲವಲ್ಲ ಎಂದು ನಮಗನಿಸಿತು, ಹೇಳಲಿಲ್ಲ.

ಕೆನ್ ಬ್ಲಾಕ್ 2023ರ ಜನವರಿಯಲ್ಲಿ ಹಿಮದ ಮೇಲೆ ಓಡುವ ವಾಹನ ಮಗುಚಿ ತೀರಿಕೊಂಡ ಸುದ್ದಿ ಬಂದಾಗ ಈ ಹುಡುಗನೇ ನಮಗೆ ಫೋನ್ ಮಾಡಿ ತಿಳಿಸಿದ. ಅಷ್ಟರಲ್ಲಿ ಅವನಿಗೆ ವ್ಯಾನ್ ಮರಳಿ ಸಿಕ್ಕಿತ್ತು. ಚಳಿಗಾಲ ಬಂದರೆ ಆಟೊಕ್ರಾಸಿಗೆ ಹೋಗುತ್ತಾನೆ, ಹೆಚ್ಚಾಗಿ ಕೋನ್ ಇಡುವುದಕ್ಕೆ. ಓಡಿಸುವ ಫೀಸು ಉಳಿಯುತ್ತದೆ ಎನ್ನುತ್ತಾನೆ.

ಆ ಮೊದಲ ಶುಕ್ರವಾರ ಜುಮಾ ನಮಾಜಿಗೆ ಮುಂಚೆ ಮೈದಾನ ಖಾಲಿ ಮಾಡಬೇಕಿತ್ತು. ಎಲ್ಲರೂ ಸೇರಿ ಕೋನ್ ಪೇರಿಸಿ ಎಣಿಸಿದೆವು. ಬೆಳಗ್ಗೆ ಹೊರಗೆ ತೆಗೆದದ್ದು 146, ವ್ಯಾನಿಗೆ ಬಂದದ್ದು 145. ಫಿಲಿಪಿನೊ ಒಂದಕ್ಕಾಗಿ ಇಡೀ ಮೈದಾನ ಸುತ್ತಿದ. ಕೊನೆಗೆ ಅದು ನಮ್ಮ ಯಾರಿಸಿನ ಹೊಟ್ಟೆಯ ಕೆಳಗೇ ಸಿಕ್ಕಿಕೊಂಡಿತ್ತು, ಮಟ್ಟಸವಾಗಿ ಚಪ್ಪಟೆಯಾಗಿ. ಎಳೆದು ತೆಗೆದೊಡನೆ ಮೆಲ್ಲಗೆ ಉಬ್ಬಿ ಎದ್ದು ನಿಂತಿತು.